ಕೊನೆಯ ಭಾಗ ಮೊದಲು ಕೇಳಬಾರದು

ಜೂನ್ 17, ಸೋಮವಾರ

ಲ್ಯಾಪ್‌ಟಾಪ್ ಮತ್ತೆ ಆಫ್ ಆಗಿ ತಾನೇ ಆನ್ ಆಯಿತು. ಇವತ್ತಿಗೆ ಮೂರನೇ ಸಲ. ಮುನ್ಸೂಚನೆ ಇಲ್ಲ, ಏನಿಲ್ಲ. ಅಪ್ಪನ ಧ್ವನಿ ಅರ್ಧ ಪದದಲ್ಲಿ ಕಡಿದುಹೋಗುತ್ತದೆ, ಪರದೆ ಕಪ್ಪಾಗುತ್ತದೆ, ಆಮೇಲೆ ಏನೂ ಆಗದವರ ಹಾಗೆ ಕಂಪನಿಯ ಗುರುತು ಮೂಡುತ್ತದೆ. ಪೂರ್ತಿ ಎದ್ದು ಕೂರಲು ಹನ್ನೊಂದು ನಿಮಿಷ. ಬೆಳಿಗ್ಗೆ ಏಳಲು ನಾನೂ ಇಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ.

ಇನ್ನು ಮೇಲೆ ಬರೆದಿಡುತ್ತೇನೆ. ಶಾಲೆಯಲ್ಲಿ ಮಕ್ಕಳ ತಾಯಂದಿರಿಗೆ ಹೇಳುವುದೂ ಅದೇ — ಜ್ವರ ಎಷ್ಟು ಹೊತ್ತಿಗೆ ಬಂತು ಎಂದು ಬರೆದಿಟ್ಟರೆ ಅರ್ಧ ಮದ್ದು ಸಿಕ್ಕ ಹಾಗೆ.

ಲ್ಯಾಪ್‌ಟಾಪ್ ತಮ್ಮ ಫೆಲೆಟಿಯದು. ಹದಿಮೂರು ವರ್ಷ ಹಳೆಯದು. ಅಪ್ಪ ಕಟ್ಟಿದ ಲಕಲಕಾ ಎಂಬ ಹಾಡುಕುಣಿತ ಪೂರ್ತಿಯಾಗಿ ಇರುವುದು ಇದರೊಳಗೆ ಮಾತ್ರ. 2012ರಲ್ಲಿ ಫೆಲೆಟಿ ಹಿಡಿದ ಒಂದೇ ವಿಡಿಯೊ, ಎರಡು ಗಂಟೆ ಹತ್ತು ನಿಮಿಷ. ಅಪ್ಪ ಒಂದೊಂದೇ ಸಾಲು ಹಾಡಿ, ಕೈ ಹೇಗೆ ತಿರುಗಬೇಕು, ಗಂಡಸರು ಯಾವಾಗ ಕುಪ್ಪಳಿಸಬೇಕು ಎಂದು ಬಿಡಿಸಿ ಹೇಳಿದ್ದಾರೆ. ಬರೆದಿಟ್ಟಿದ್ದ ಪುಸ್ತಕಗಳನ್ನು ಎರಡು ವರ್ಷದ ಹಿಂದೆ ಜ್ವಾಲಾಮುಖಿ ಸಿಡಿದಾಗ ಉಕ್ಕಿದ ಸಮುದ್ರ ಕೊಂಡೊಯ್ದಿತು. ಈ ಫೆಬ್ರವರಿಯಲ್ಲಿ ಪಾರ್ಶ್ವವಾಯು ಬಂದು ಅಪ್ಪನ ಮಾತೂ ಹೋಯಿತು.

ಆಗಸ್ಟ್ 2ಕ್ಕೆ ಚರ್ಚಿಗೆ ನೂರು ವರ್ಷ. ಊರಿಗೆ ಊರೇ ಸಾಲಾಗಿ ನಿಂತು ಅಪ್ಪನ ಲಕಲಕಾ ಹಾಡಿ ಕುಣಿಯಬೇಕು. ಪದ ಇಳಿಸಿಕೊಡುವುದು ನನ್ನ ಪಾಲಿನ ಕೆಲಸ. ಅಪ್ಪ ಕಣ್ಣಾರೆ ನೋಡಬೇಕು. ಇಷ್ಟೇ ನನಗೆ ಬೇಕಾದದ್ದು.

ಜೂನ್ 18, ಮಂಗಳವಾರ

ಪಾಂಗಾಯಿ ಪೇಟೆಯಿಂದ ವರ್ಗವಾಗಿ ಬಂದಿರುವ ಹೊಸ ಮೇಷ್ಟ್ರಿಗೆ ರಗಳೆ ಹೇಳಿಕೊಂಡೆ. ದೋಣಿ ಇಂಜಿನ್ ರಿಪೇರಿ ಮಾಡುವ ತಮ್ಮ ಬೇಲಿಯಾಚೆಯೇ ಇದ್ದಾನಲ್ಲ, ಅವನೇ ಬಂದು ನೋಡಬಾರದೇ ಎಂದರು. ಪೇಟೆಯಲ್ಲಿ ಬೆಳೆದವರಿಗೆ ಏನು ಹೇಳುವುದು. ನಾನು ಅಕ್ಕ, ಅವನು ತಮ್ಮ; ನಮ್ಮಲ್ಲಿ ಅಕ್ಕ ತಮ್ಮಂದಿರು ದೂರವೇ ಇರಬೇಕು. ಮೀಸೆ ಚಿಗುರಿದ ಮೇಲೆ ಫೆಲೆಟಿ ನಾನಿರುವ ಕೋಣೆಗೆ ಕಾಲಿಟ್ಟಿಲ್ಲ. ಒಂದೇ ಪರದೆಯನ್ನು ಇಬ್ಬರೂ ನೋಡುವುದಿಲ್ಲ. ನನಗೆ ಕೊಟ್ಟ ವಸ್ತುವನ್ನು ಅವನು ಮತ್ತೆ ಕೈಗೆತ್ತಿಕೊಳ್ಳುವುದಿಲ್ಲ. ನನ್ನ ಕಿವಿಗೆ ಬೀಳುವ ಹಾಗೆ ಅವನು ಒಂದು ಪ್ರೇಮದ ಹಾಡನ್ನೂ ಗುನುಗುವುದಿಲ್ಲ. ಈಗಿನವರು ಇಷ್ಟು ಪಾಲಿಸುವುದಿಲ್ಲ, ನಿಜ. ನಮ್ಮದು ಹಳೇ ಮನೆ.

ಅವನ ಹೆಂಡತಿ ಸೇಲಾ ಇದ್ದಾಳಲ್ಲ. ಅವಳ ಮೂಲಕ ಹೇಳಿ ಕಳಿಸಿದೆ. ಅವನು ಅವಳಿಗೆ ಹೇಳಿದ, ಅವಳು ನನಗೆ ಹೇಳಿದಳು: ಬ್ಯಾಟರಿ ತೆಗೆದು ಬರೀ ಚಾರ್ಜರ್ ಮೇಲೆ ಓಡಿಸಿ ನೋಡಿ.

ಓಡಿಸಿದೆ. 19 ನಿಮಿಷಕ್ಕೆ ರೀಸ್ಟಾರ್ಟ್. ಎರಡನೇ ಸಲ 17. ಬ್ಯಾಟರಿ ತಪ್ಪಿಲ್ಲ.

ಜೂನ್ 20, ಗುರುವಾರ

ಕರೆಂಟಿನ ಮೇಲೆ ಅನುಮಾನ. ಚರ್ಚಿನ ದೊಡ್ಡ ಫ್ರೀಜರ್ ಶುರುವಾದಾಗೆಲ್ಲ ನಮ್ಮ ಮನೆಯ ಬಲ್ಬು ಮಂಕಾಗುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ — ಮೂರು ಹೊತ್ತೂ ನೋಡಿದೆ. 16, 14, 16. ಪಾದ್ರಿಗಳ ಹೆಂಡತಿಯನ್ನು ಕಾಡಿ ಬೇಡಿ ಒಂದು ಗಂಟೆ ಫ್ರೀಜರ್ ಆಫ್ ಮಾಡಿಸಿದೆ. 13. ಅವರ ಮೀನು ಕರಗಿದ್ದೊಂದೇ ಲಾಭ.

ಪೆನ್‌ಡ್ರೈವಿಗೆ ಹಾಕಲು ನೋಡಿದೆ. ಒಂದು ತೂತಿಗೆ ಉಪ್ಪುಗಾಳಿಯ ತುಕ್ಕು. ಇನ್ನೊಂದರಲ್ಲಿ ಹೋಗುತ್ತದೆ, ಆದರೆ ಆಮೆಯ ಹಾಗೆ. ಅರ್ಧ ದಾಟುವ ಮೊದಲೇ ರೀಸ್ಟಾರ್ಟ್. ಅರ್ಧ ಹೋದ ಫೈಲ್ ತೆರೆಯುವುದೂ ಇಲ್ಲ. ಐದನೇ ಸಲಕ್ಕೆ ಆ ತೂತೂ ಕೆಟ್ಟುಹೋಯಿತು.

ಸರಿ, ಕೇಳಿ ಕೇಳಿ ಬರೆದುಕೊಳ್ಳುವುದೇ ದಾರಿ. ಮೊದಲಿನಿಂದ. ಇವತ್ತು ಎರಡು ಪದ್ಯ.

ಅಪ್ಪನ ಹಾಸಿಗೆ ಪಕ್ಕದಲ್ಲೇ ಕೂತು ಹಾಕುತ್ತೇನೆ. ತಮ್ಮದೇ ಧ್ವನಿ ಕೇಳಿದರೆ ಅವರ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತದೆ. ಧ್ವನಿ ಕಡಿದ ಮೇಲೂ ಸ್ವಲ್ಪ ಹೊತ್ತು ಹಾಕುತ್ತಲೇ ಇರುತ್ತದೆ. ಆಗ ನನಗೆ ಆ ಯಂತ್ರವನ್ನು ಎತ್ತಿ ಸಮುದ್ರಕ್ಕೆ ಎಸೆಯಬೇಕೆನಿಸುತ್ತದೆ.

ಜೂನ್ 23, ಭಾನುವಾರ

ಭಾನುವಾರ ಕೆಲಸ ಮುಟ್ಟುವ ಹಾಗಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಮೇಲೆ ಬಟ್ಟೆ ಹೊದಿಸಿ ಇಟ್ಟೆ. ಅದಕ್ಕೂ ಒಂದು ದಿನ ವಿಶ್ರಾಂತಿ ಸಿಗಲಿ.

ಚರ್ಚಿನಿಂದ ಬಂದು, ಮಣ್ಣು ಮುಚ್ಚಿ ಬೇಯಲು ಬಿಟ್ಟಿದ್ದ ನೆಲದೊಲೆ ತೆಗೆದೆವು. ಕೆಸವಿನೆಲೆಯಲ್ಲಿ ಸುತ್ತಿದ ಮಾಂಸ, ಮರಗೆಣಸು. ಲುಪೆ ಅತ್ತೆ ಬಂದಿದ್ದರು. ಅಪ್ಪನ ಅಕ್ಕ, ಎಂಬತ್ತನಾಲ್ಕು ವರ್ಷ, ಹಲ್ಲು ನಾಲ್ಕು, ಅಧಿಕಾರ ನಲವತ್ತು ಜನರದ್ದು. ನಾವು ಮಕ್ಕಳು ಅಪ್ಪನ ತಲೆ ಮುಟ್ಟುವ ಹಾಗಿಲ್ಲ. ಅತ್ತೆ ಬಂದ ಕೂಡಲೇ ತಲೆಗೆ ಒಂದು ಮೊಟಕಿ, ಎಷ್ಟು ದಿನ ಮಲಗಿರುತ್ತೀಯೋ ಎಂದು ಬೈದು, ಆಮೇಲೆ ಎಣ್ಣೆ ಹಚ್ಚಿದರು. ಅಪ್ಪ ಕಣ್ಣು ಮುಚ್ಚಿ ಹಚ್ಚಿಸಿಕೊಂಡರು.

ಜೂನ್ 25, ಮಂಗಳವಾರ

9 ನಿಮಿಷ. 8. 9. ದಿನದಿಂದ ದಿನಕ್ಕೆ ಕಡಿಮೆ. ಹನ್ನೊಂದು ನಿಮಿಷ ಏಳುತ್ತದೆ, ಎಂಟು ನಿಮಿಷ ಬದುಕುತ್ತದೆ.

ಬೆಳಿಗ್ಗೆ ಸೇಲಾ ಬಂದು ಬಾಗಿಲಲ್ಲಿ ನಿಂತಳು.

"ಅತ್ತಿಗೆ, ಕೆಳಗೆ ಗಾಳಿ ಆಡ್ಬೇಕಂತೆ."

"ಯಾವುದರ ಕೆಳಗೆ?"

"ಅಷ್ಟೇ ಹೇಳಿದ್ರು. ಇನ್ನೂ ಕೇಳಿದ್ರೆ ಬೇರೆ ಕಡೆ ನೋಡ್ತಾರೆ."

ಮನೆಯ ಕೆಳಗೆ ಎಂದುಕೊಂಡೆ. ಕಂಬಗಳ ನಡುವೆ ಪೇರಿಸಿಟ್ಟಿದ್ದ ಹಲಗೆ, ಹಳೇ ಬಲೆ, ಮುರಿದ ಕುರ್ಚಿ ಎಲ್ಲ ಹೊರಗೆಳೆದೆ. ಬೆನ್ನು ಹಿಡಿದುಕೊಂಡಿತು. ಮತ್ತೆ ಹಾಕಿ ನೋಡಿದರೆ 8.

ಸಂಜೆ ಲುಪೆ ಅತ್ತೆ ದರದರ ಬಂದರು. ಸೀದಾ ಫೆಲೆಟಿಯ ಮನೆಗೆ ಹೋಗಿ ವಿಚಾರಿಸಿಕೊಂಡೇ ಬಂದಿದ್ದರು.

"ನಿನ್ನ ತಮ್ಮ ಒಂದು ವಾರದಿಂದ ಗೊತ್ತಿದ್ದೂ ಬಾಯಲ್ಲಿ ಕಡುಬು ಇಟ್ಕೊಂಡವರ ಹಾಗೆ ಕೂತಿದ್ದಾನೆ. ಮಿಷನ್ನಿನ ಹೊಟ್ಟೆ ಕೆಳಗೆ ಉಸಿರಾಡೋ ತೂತು ಇದೆಯಂತೆ. ನೀನು ಅದನ್ನ ಚಾಪೆ ಮೇಲೆ ಕೂರಿಸಿದ್ದೀಯ. ನಿಮ್ಮಮ್ಮ ನೇಯ್ದ ಚಾಪೆ, ಹಾಸಿದವಳು ಅಕ್ಕ. ತೆಗಿ ಅಂತ ಹೇಳೋಕಾಗುತ್ತಾ ಅವನಿಗೆ? ನಾನು ಹೇಳ್ತೀನಿ. ತೆಗಿ."

ನಿಜ. ಅಪ್ಪನ ಧ್ವನಿ ಇರುವ ಯಂತ್ರವನ್ನು ಬರೀ ಮೇಜಿನ ಮೇಲೆ ಇಡಲು ಮನಸ್ಸು ಬಂದಿರಲಿಲ್ಲ. ತೀರಿಹೋದ ಅಮ್ಮ ನೇಯ್ದದ್ದರಲ್ಲಿ ಒಳ್ಳೆಯ ಚಾಪೆಯನ್ನೇ ನಾಲ್ಕು ಮಡಿಕೆ ಮಾಡಿ ಹಾಸಿದ್ದೆ. ಮರ್ಯಾದೆ ಕೊಟ್ಟು ಕೊಟ್ಟು ಉಸಿರು ಕಟ್ಟಿಸಿದ್ದೇನೆ.

ಚಾಪೆ ತೆಗೆದು, ಎರಡು ಮರದ ತುಂಡಿನ ಮೇಲೆ ಕೂರಿಸಿದೆ. 34 ನಿಮಿಷ!

ಜೂನ್ 28, ಶುಕ್ರವಾರ

ವಂದನೆಯ ಭಾಗ ಮುಗಿಯಿತು. ದೇವರಿಗೆ, ದೊರೆಗೆ, ಊರಿನ ಹಿರಿಯರಿಗೆ ತಲೆಬಾಗುವ ಹದಿನಾಲ್ಕು ಸಾಲು. ಸಂಜೆ ಚರ್ಚಿನ ಅಂಗಳದಲ್ಲಿ ಕಲಿಸಿದೆ. ಹೆಂಗಸರು ಒಂದು ದಿನಕ್ಕೆ ಹಿಡಿದರು. ಗಂಡಸರು ಸಾಲಾಗಿ ನಿಲ್ಲುವುದಕ್ಕೇ ಒಂದು ಸಂಜೆ ಬೇಕಾಯಿತು.

ಜುಲೈ 2, ಮಂಗಳವಾರ

34 ಇದ್ದದ್ದು 22ಕ್ಕೆ ಬಂತು. ಮುಟ್ಟಿದರೆ ಕೆಳಭಾಗ ಕಾದ ಹೆಂಚು. ಬಿಚ್ಚಿ ನೋಡಲೇಬೇಕು ಎಂದು ಹೇಳಿ ಕಳಿಸಿದ ಫೆಲೆಟಿ.

ಬಿಚ್ಚಿದ್ದು ಹೀಗೆ. ನಾನು ಒಳಗೆ, ಕಿಟಕಿಯ ಹತ್ತಿರ, ಕೈಯಲ್ಲಿ ಸ್ಕ್ರೂಡ್ರೈವರ್. ಸೇಲಾ ಕಿಟಕಿಯ ಹೊರಗೆ. ಫೆಲೆಟಿ ಅಂಗಳದಾಚೆ ದೀವಿಹಲಸಿನ ಮರದ ಕೆಳಗೆ, ನಮ್ಮ ಕಡೆ ಬೆನ್ನು ಹಾಕಿ. ನಾನು ಕಂಡದ್ದನ್ನು ಸೇಲಾಗೆ ಹೇಳುವುದು, ಅವಳು ಅವನಿಗೆ ಕೂಗುವುದು, ಅವನು ಸಮುದ್ರಕ್ಕೆ ಹೇಳಿದ ಹಾಗೆ ಉತ್ತರ ಹೇಳುವುದು, ಅವಳು ಮತ್ತೆ ನನಗೆ. ಅವನು ಹೇಳಿದ್ದು ನನಗೆ ಮೊದಲೇ ಕೇಳಿಸುತ್ತದೆ. ಆದರೂ ಸೇಲಾ ಹೇಳುವವರೆಗೆ ಕಾಯುತ್ತೇನೆ. ಕಾಯಬೇಕು.

ಹದಿಮೂರು ಸ್ಕ್ರೂ. ಬಿಸ್ಕತ್ತು ಡಬ್ಬಿಯ ಮುಚ್ಚಳದ ಮೇಲೆ ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟೆ. ಒಳಗೆ ಫ್ಯಾನು ಕಾಣಿಸಲೇ ಇಲ್ಲ. ಬೂದಿ. ಜ್ವಾಲಾಮುಖಿ ಸಿಡಿದ ದಿನ ಮಧ್ಯಾಹ್ನವೇ ಕತ್ತಲಾಗಿ ಸುರಿಯಿತಲ್ಲ, ಆ ಬೂದಿ. ಉಪ್ಪು ಸೇರಿ ಗಾರೆಯ ಹಾಗೆ ಕಚ್ಚಿಕೊಂಡಿತ್ತು. ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಎರಡು ಗಂಟೆ ಉಜ್ಜಿದೆ. ಒಂದು ಚಮಚ ಬೂದಿ ಬಂತು. ಫ್ಯಾನು ತಿರುಗಿತು, ಆದರೆ ನರಳುತ್ತಾ.

ಜೋಡಿಸಿದ ಮೇಲೆ ಹನ್ನೆರಡೇ ಸ್ಕ್ರೂ ಹಿಡಿಯಿತು. ಒಂದು ಉಳಿಯಿತು. ಸೇಲಾಗೆ ಹೇಳಲಿಲ್ಲ.

52 ನಿಮಿಷ.

ಫೆಲೆಟಿ ಇನ್ನೊಂದು ಮಾತು ಹೇಳಿ ಕಳಿಸಿದ. ಆ ಫ್ಯಾನು ಹೆಚ್ಚು ದಿನ ಬಾಳುವುದಿಲ್ಲ, ಓಡುತ್ತಿರುವಾಗಲೇ ಕೊನೆಯ ಭಾಗವನ್ನು ಮೊದಲು ಬರೆದುಕೊಳ್ಳಬೇಕಂತೆ. ನಡುಭಾಗದ ಪದ ಒಂದಿಷ್ಟು ಊರಿನ ಹಿರಿಯರಿಗೂ ನೆನಪಿದೆ, ಕೊನೆಯದು ಯಾರಿಗೂ ಇಲ್ಲ. ಅದನ್ನು ಅಪ್ಪ ಕಟ್ಟಿದ್ದೇ ವಿಡಿಯೊ ಹಿಡಿದ ವರ್ಷ, ಎಲ್ಲೂ ಕುಣಿದಿಲ್ಲ.

ಆಗುವುದಿಲ್ಲ ಎಂದೆ. ಕೊನೆಯ ಭಾಗ ಎಂದರೆ ತತಾವು, ಬೀಳ್ಕೊಳ್ಳುವ ಮಾತು. ಬಂದವರನ್ನು ಕೂರಿಸುವ ಮೊದಲೇ ಹೋಗಿ ಬನ್ನಿ ಎನ್ನುತ್ತಾರೆಯೇ? ಅದೂ ಅಪ್ಪ ಹೀಗೆ ಮಲಗಿರುವಾಗ, ಅವರ ಕಿವಿಯ ಪಕ್ಕದಲ್ಲೇ, ಅವರದೇ ಧ್ವನಿಯಲ್ಲಿ, ನಾನು ಹೊರಟೆ ಎಂಬ ಪದ ಮೊದಲು ಹಾಕುವುದೇ? ಅಪಶಕುನ ಎಂದರೆ ಇನ್ನೇನು. ವರಸೆಯಂತೆಯೇ ಹೋಗುತ್ತೇನೆ.

ಜುಲೈ 11, ಗುರುವಾರ

ಒಂಬತ್ತು ದಿನ ಬರೆಯಲಿಲ್ಲ. ಬರೆಯುವ ಹಾಗೆ ಏನೂ ಕೆಡಲಿಲ್ಲ. ಬೆಳಿಗ್ಗೆ ಶಾಲೆ, ಮಧ್ಯಾಹ್ನ ಅಪ್ಪ ಮತ್ತು ಯಂತ್ರ, ಸಂಜೆ ಅಂಗಳ. ನಡುಭಾಗದ ಹದಿನೆಂಟು ಪದ್ಯ ಬಂತು, ಮೂರು ಬಾಕಿ. ಆಮೇಲೆ ತತಾವು. ಗಂಡಸರು ಕೊನೆಗೂ ಒಟ್ಟಿಗೆ ಕುಪ್ಪಳಿಸುತ್ತಾರೆ. ನೆಲ ಅದುರುತ್ತದೆ. ಅದು ಅಪ್ಪನ ಕೋಣೆಯವರೆಗೆ ಕೇಳುತ್ತದಂತೆ. ಸೇಲಾ ನೋಡಿದಳಂತೆ, ಕೈ ತಾಳ ಹಾಕುತ್ತಿತ್ತು.

ಇವತ್ತು ಮಧ್ಯಾಹ್ನ ಫ್ಯಾನಿನ ನರಳಾಟ ನಿಂತಿತು. ಸರಿಹೋಯಿತು ಎಂದುಕೊಂಡೆ. ನಿಂತದ್ದು ಫ್ಯಾನೇ.

6 ನಿಮಿಷ.

ಜುಲೈ 12, ಶುಕ್ರವಾರ

ಬೆಳಿಗ್ಗೆ ಶಾಲೆಯ ಮೇಜಿನ ಫ್ಯಾನ್ ತಂದು ಪಕ್ಕಕ್ಕಿಟ್ಟೆ. 7. ಒದ್ದೆ ಬಟ್ಟೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಯಂತ್ರ. 9. ಚರ್ಚಿನ ಫ್ರೀಜರಿನಿಂದ ಐಸ್ ತಂದು ಚೀಲದಲ್ಲಿ ಕಟ್ಟಿ ಕೆಳಗಿಟ್ಟೆ. 12. ಪಾದ್ರಿಗಳ ಹೆಂಡತಿ ಈ ಸಲ ಕೇಳುವ ಮೊದಲೇ ಕೊಟ್ಟರು.

ಫೆಲೆಟಿ ಮತ್ತೆ ಹೇಳಿ ಕಳಿಸಿದ. ಅಕ್ಕನಿಗೆ ಕೈ ಮುಗಿದು ಹೇಳು, ಮೂರು ಪದ್ಯ ಬಿಟ್ಟು ಮುಂದೆ ಹೋಗಲಿ.

ಒಂದು ಗಳಿಗೆ ಬೆರಳು ಅಲ್ಲೇ ಇತ್ತು. ವಿಡಿಯೊದ ಕೆಳಗಿನ ಗೆರೆಯನ್ನು ಸ್ವಲ್ಪ ಮುಂದಕ್ಕೆ ಎಳೆದರೆ ಸಾಕು, ತತಾವು. ಅಪ್ಪ ನನ್ನನ್ನೇ ನೋಡುತ್ತಿದ್ದರು. ಎಳೆಯಲಿಲ್ಲ. ಮೂರೇ ಪದ್ಯ ತಾನೆ, ನಾಳೆಗೆ ಮುಗಿಯುತ್ತದೆ ಎಂದುಕೊಂಡೆ.

ಎರಡು ಪದ್ಯ ಬರೆದೆ. ಮೂರನೆಯದರ ನಡುವೆ ಪರದೆ ಕಪ್ಪಾಯಿತು. ಹನ್ನೊಂದು ನಿಮಿಷ ಕಾದೆ. ಇಪ್ಪತ್ತು. ಒಂದು ಗಂಟೆ. ಕಂಪನಿಯ ಗುರುತು ಮೂಡಲಿಲ್ಲ.

ಜುಲೈ 15, ಸೋಮವಾರ

ಸತ್ತಿದೆ. ಗುಂಡಿ ಒತ್ತಿದರೆ ಒಂದು ಸಣ್ಣ ದೀಪ ಮಿನುಗಿ ಆರುತ್ತದೆ. ಶನಿವಾರ ಚಾರ್ಜರ್ ಬದಲಿಸಿ ನೋಡಿದ್ದಾಯಿತು, ಮೆಮೊರಿ ಕಡ್ಡಿ ಕಿತ್ತು ಒರೆಸಿ ಹಾಕಿದ್ದಾಯಿತು. ಫೆಲೆಟಿಗೂ ಇನ್ನೇನೂ ತೋಚಲಿಲ್ಲ.

ಒಳಗಿನ ಡಿಸ್ಕ್ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಇವತ್ತಿನ ದೋಣಿಗೆ ಕೊಟ್ಟು ರಾಜಧಾನಿಗೆ ಕಳಿಸಿದೆವು. ಫೋನ್ ಮಾಡಿದರೆ ಅಂಗಡಿಯವನು, ವಿಡಿಯೊ ಬಹುಶಃ ಸಿಗುತ್ತದೆ, ಆದರೆ ಸರದಿ ಇದೆ, ಆಗಸ್ಟ್ ಮೂರನೇ ವಾರ ಎಂದ. ನಮ್ಮದು ಆಗಸ್ಟ್ 2.

ತಪ್ಪು ನನ್ನದು. ಇಲ್ಲಿಯಾದರೂ ನೇರವಾಗಿ ಬರೆಯುತ್ತೇನೆ. ಒಂಬತ್ತು ದಿನ ಆ ಯಂತ್ರ ಸರಿಯಾಗಿ ಓಡಿತು. ಇಪ್ಪತ್ತು ನಿಮಿಷದ ಕೆಲಸ. ಫೆಲೆಟಿ ಎರಡು ಸಲ ಬುದ್ಧಿ ಹೇಳಿದ್ದ. ಅಪಶಕುನಕ್ಕೆ ಹೆದರಿ ಅಪ್ಪನ ಕೊನೆಯ ಪದವನ್ನೇ ಕಳೆದೆ.

ಅರ್ಧಕ್ಕೆ ನಿಂತ ಪದ್ಯವನ್ನು ಹಿರಿಯರು ನೆನಪಿನಿಂದ ತುಂಬಿಕೊಟ್ಟರು. ತತಾವಿಗೆ ಹಬ್ಬದ ಸಮಿತಿಯವರು ಒಳ್ಳೆಯ ಮಾತಿನಲ್ಲೇ ಹೇಳಿದರು — ಬೇರೆ ಯಾರದ್ದಾದರೂ ತತಾವು ಸೇರಿಸಿ ಮುಗಿಸೋಣ. ಕೇಳಿ ಮನೆಗೆ ಬಂದೆ. ಅಪ್ಪನಿಗೆ ಹೇಳಲಿಲ್ಲ, ಆದರೆ ಹೇಗೋ ಗೊತ್ತಾಗಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ಊಟಕ್ಕೂ ತಿರುಗಲಿಲ್ಲ.

ಜುಲೈ 20, ಶನಿವಾರ

ಸೇಲಾ ಬಾಯಿ ಜಾರಿದಳು. ಲುಪೆ ಅತ್ತೆ ಎದುರಿಗೆ, ತರಕಾರಿ ಹೆಚ್ಚುತ್ತಾ. ಫೆಲೆಟಿ ಇಂಜಿನ್ ಬಿಚ್ಚುವಾಗೆಲ್ಲ ಒಂದು ಪದ ಗುನುಗುತ್ತಾನಂತೆ. ವರ್ಷಗಟ್ಟಲೆ ದೋಣಿಯಲ್ಲಿ ಇದೇ ಲ್ಯಾಪ್‌ಟಾಪಿನಲ್ಲಿ ಆ ವಿಡಿಯೊ ಹಾಕಿಕೊಂಡು ಕೇಳುತ್ತಿದ್ದನಂತೆ. ಯಾವ ಪದ ಎಂದರೆ ಕೊನೆಯದು.

ಅತ್ತೆಯ ಚಾಕು ನಿಂತಿತು. ಅವನನ್ನು ಕರೆಸಿದರು. ನಾನು ಒಳಕೋಣೆಗೆ ಹೋದೆ. ಬಾಗಿಲ ಸಂದಿಯಿಂದ ಕೇಳಿಸಿತು. ಅಪ್ಪ ಉಸಿರಾಡುತ್ತಿರುವಾಗ ಅಪ್ಪನ ಪದವನ್ನು ಮಗ ಬಾಯಿಗೆ ಹಾಕಿಕೊಂಡರೆ ಅವರ ತಲೆ ಮೆಟ್ಟಿದ ಹಾಗೆ, ಅದಕ್ಕೇ ಸುಮ್ಮನಿದ್ದೆ ಎಂದ. ಮತ್ತೆ, ಪೂರ್ತಿ ಬರುವುದೂ ಇಲ್ಲ ಎಂದ. ಅದನ್ನು ಹೇಳುವಾಗ ಧ್ವನಿ ಸಣ್ಣದಾಯಿತು.

"ನಿಮ್ಮಪ್ಪನಿಗೂ ನಾನು ಅಕ್ಕ," ಎಂದರು ಅತ್ತೆ. "ನಾನು ಹಾಡು ಅಂದ ಮೇಲೆ ಮುಗೀತು. ಸೋಮವಾರ ಅವನ ಕಿವಿಗೆ ಬೀಳೋ ಹಾಗೆ ಹಾಡು. ಸರಿಯೋ ತಪ್ಪೋ ಅವನ ಕೈ ಹೇಳುತ್ತೆ. ನಿನ್ನಕ್ಕ ತಲಿತಾ ಬರ್ಕೊಳ್ತಾಳೆ. ನೀವಿಬ್ಬರೂ ಮುಖ ನೋಡ್ಕೋಬೇಡಿ, ಅಷ್ಟೇ ತಾನೆ? ಗೋಡೆ ಯಾಕಿದೆ?"

ಜುಲೈ 22, ಸೋಮವಾರ, ಮಧ್ಯಾಹ್ನ 3:50

ಅತ್ತೆ ಅಪ್ಪನಿಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದಾರೆ. ಅಷ್ಟರಲ್ಲಿ ಇದನ್ನು ಬರೆದುಬಿಡುತ್ತೇನೆ.

ಮೂರಕ್ಕೆ ಬಂದ. ಚರ್ಚಿಗೆ ಹೋಗುವವನ ಹಾಗೆ ಸೊಂಟಕ್ಕೆ ಮರ್ಯಾದೆಯ ಚಾಪೆ ಸುತ್ತಿಕೊಂಡಿದ್ದ ಎಂದಳು ಸೇಲಾ. ಕಿಟಕಿಯ ಹೊರಗೆ ಗೋಡೆಗೆ ಬೆನ್ನು ಕೊಟ್ಟು ಕೂತ. ನಾನು ಒಳಗೆ, ಅದೇ ಗೋಡೆಗೆ ಬೆನ್ನು ಕೊಟ್ಟು. ಅಪ್ಪನ ತಲೆಯ ಹತ್ತಿರ ಅತ್ತೆ.

ಹಾಡಲು ಶುರು ಮಾಡಿದ. ಮೊದಲ ಸಾಲು ಬರೆದುಕೊಳ್ಳಲೇ ಆಗಲಿಲ್ಲ ನನಗೆ. ಅದೇ ಧ್ವನಿ — ವಿಡಿಯೊದಲ್ಲಿ ಇದ್ದದ್ದೇ. ನಲವತ್ತೆರಡು ವರ್ಷದ ತಮ್ಮ ಹೇಗೆ ಹಾಡುತ್ತಾನೆ ಎಂದು ನನಗೆ ಇಂದಿನವರೆಗೆ ಗೊತ್ತಿರಲಿಲ್ಲ. ಅಪ್ಪ ಗೋಡೆಯಿಂದ ಈಚೆ ತಿರುಗಿದರು. ಕೈ ತೊಡೆಯ ಮೇಲೆ ಬಂತು. ತಾಳ. ಒಂದು, ಎರಡು, ಮೂರು ಪದ್ಯ. ತಪ್ಪಿಲ್ಲ.

ನಾಲ್ಕನೆಯದು. "ಹಾಯಿ ಬಿಚ್ಚಿದೆ, ತೆಂಕಣ ಗಾಳಿ ಕಾಯುವುದಿಲ್ಲ" — ಅಲ್ಲಿಂದ ಸೀದಾ ಊರಿನವರಿಗೆ ಕೈ ಮುಗಿಯುವ ಸಾಲಿಗೆ ಹೋದ. ಅಪ್ಪನ ಕೈ ಮೇಲೆ ಎತ್ತಿದ್ದು ಹಾಗೇ ನಿಂತಿತು.

ಒಂದು ಸಾಲು ನುಂಗಿದ್ದಾನೆ, ಮತ್ತೆ ಹಾಡು ಎಂದರು ಅತ್ತೆ. ಮತ್ತೆ ಹಾಡಿದ. ಮತ್ತೆ ಅಲ್ಲೇ ಹಾರಿದ. ಮತ್ತೆ ಕೈ ನಿಂತಿತು. ಮರೆತವನು ತಡವರಿಸುತ್ತಾನೆ, ಇವನು ತಡವರಿಸಲಿಲ್ಲ, ದಾಟಿದ.

"ಯಾಕೋ?" ಎಂದರು ಅತ್ತೆ.

ಹೊರಗೆ ಸೇಲಾಗೆ ಹೇಳಿದ, ಆದರೆ ಎಲ್ಲರಿಗೂ ಕೇಳಿಸಿತು.

"ಅದು ಅಮ್ಮನಿಗೆ ಹೇಳಿದ ಸಾಲು. ಅಕ್ಕ ಒಳಗಿದ್ದಾಳೆ."

ಪೂರ್ತಿ ಬರುವುದಿಲ್ಲ ಎಂದದ್ದು ಇದಕ್ಕೆ. ಗಂಡ ಹೆಂಡತಿಗೆ ಹೇಳುವ ಒಲವಿನ ಮಾತು. ಅಕ್ಕ ತಮ್ಮ ಒಟ್ಟಿಗೆ ಕೇಳುವಂಥದ್ದಲ್ಲ, ಅವನ ಬಾಯಿಂದ ನನ್ನ ಕಿವಿಗಂತೂ ಅಲ್ಲವೇ ಅಲ್ಲ. ಪುಸ್ತಕ ಮಡಚಿ ಎದ್ದೆ. ನಾನು ಆಚೆ ಹೋದರೆ ಅತ್ತೆಗೆ ಹಾಡಿ ತೋರಿಸುತ್ತಾನೆ, ಅತ್ತೆ ಹೇಳಿದ್ದನ್ನು ಆಮೇಲೆ ಬರೆದುಕೊಂಡರಾಯಿತು. ಹೊಸ್ತಿಲ ಮೇಲೆ ಕಾಲಿಟ್ಟಿದ್ದೆ.

ಹಾಸಿಗೆಯಿಂದ ಧ್ವನಿ ಬಂತು.

ಮಾತಲ್ಲ. ಮಾತು ಈಗಲೂ ಇಲ್ಲ. ಹಾಡು. ಸಣ್ಣದು, ಎಡಗಡೆ ತುಟಿಯಲ್ಲಿ ಸೋರುವಂಥದ್ದು. ಆದರೆ ಸ್ವರದ ಮೇಲೆ ಒಂದೊಂದೇ ಪದ ಕೂತು ಬಂತು.

"ಎಣ್ಣೆ ಹಚ್ಚಿದ ನಿನ್ನ ಹೆಗಲ ಗಂಧ ನನ್ನ ಹಾಯಿಗೆ ಅಂಟಿದೆ, ಯಾವ ದ್ವೀಪಕ್ಕೆಂದು ಹೋಗಲಿ ನಾನು."

ತಮ್ಮ ಸಾಲನ್ನು ಯಾರೋ ನುಂಗಿದರು ಎಂಬ ಸಿಟ್ಟು. ಅಪ್ಪನ ಮುಖದಲ್ಲಿ ಐದು ತಿಂಗಳ ನಂತರ ಆ ಸಿಟ್ಟು ನೋಡಿದೆ. ನಾನು ಹೊಸ್ತಿಲಿನಿಂದ ಕದಲಲಿಲ್ಲ. ಹೊರಗೆ ಫೆಲೆಟಿಯೂ ಎದ್ದು ಹೋಗಲಿಲ್ಲ. ಇಬ್ಬರೂ ಕೇಳಿದೆವು. ಅತ್ತೆ ಮುದುಕನಿಗೆ ನಾಚಿಕೆಯಿಲ್ಲ ಎಂದು ಬೈಯುತ್ತಾ ಅಳುತ್ತಿದ್ದರು. ನನಗೂ ಅಳು ಬಂತು. ಅಳುತ್ತಲೇ ಬರೆದುಕೊಂಡೆ.

ನೀರು ಕುಡಿದಾಯಿತು. ಹೇಳು ಎಂದರೆ ಬಾಯಿ ಆಡುತ್ತದೆ, ಏನೂ ಬರುವುದಿಲ್ಲ. ಹಾಡು ಎಂದು ತಲೆಗೆ ಮೊಟಕಿದರು ಅತ್ತೆ.

ಹಾಡುತ್ತಿದ್ದಾರೆ. ಕೈ ಮುಗಿಯುವ ಸಾಲು ದಾಟಿದರು. ಕೊನೆಯ ಸಾಲೂ ಮುಗಿಯಿತು. ನಿಲ್ಲಿಸುತ್ತಿಲ್ಲ. ಇನ್ನೂ ಏನೋ ಬರುತ್ತಿದೆ. ಹೊರಗಿನಿಂದ ಫೆಲೆಟಿ, ಸೇಲಾಗಲ್ಲ, ನೇರ ನನಗೇ — ಅಕ್ಕಾ, ಇದು ವಿಡಿಯೊದಲ್ಲಿ ಇರ್ಲಿಲ್ಲ, ಹೊಸದು, ಬೇಗ ಬರ್ಕೋ —